ಇತ್ತೀಚಿನ ಸಂಶೋಧನೆಯೂ ಭಟ್ಟರ ಕೈಗುಣವೂ

ನಮ್ಮ ಸಂಶೋಧಕರು ಹೋಗಿಬಿಟ್ಟರು ಎಂದು ಆಫೀಸಿನ ಪಟ್ಟೇವಾಲ ಬಂದು ಹೇಳಿದಾಗ ನಾನು ತಲೆ ಎತ್ತದೆಯೇ, "ಇವತ್ತು ಯಾರ ಭಾಷಣಕ್ಕಂತೆ?" ಎಂದು ಕೇಳಿದೆ. ಅವನು ಕಣ್ಣೊರೆಸಿಕೊಂಡಾಗಲೇ ನನಗೆ ಅರ್ಥವಾದದ್ದು. ದಹಿಸರ್‌ನ ಮನೆಯಲ್ಲಿ ಸಾದಾ ಜ್ವರ ಬಂದು ತೀರಿಕೊಂಡಿದ್ದರು. ಜಗತ್ತಿನ ಕಾಯಿಲೆಗಳನ್ನೆಲ್ಲ ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಮನುಷ್ಯನಿಗೆ ಸಾದಾ ಜ್ವರ! ಅವರ ಹೆಂಡತಿ ಆಮೇಲೆ ಹೇಳಿದರು: ಡಾಕ್ಟರರು ನಾಡಿ ನೋಡಿ "ವಿಶೇಷವೇನಿಲ್ಲ" ಅಂದದ್ದಕ್ಕೆ ಇವರು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರಂತೆ. ವಿಶೇಷವಿಲ್ಲದ್ದನ್ನು ಅವರು ಎಂದೂ ಸಹಿಸಿದವರಲ್ಲ.

ಮುಂಬಯಿಯ ಫೋರ್ಟಿನ ಒಂದು ವಕೀಲರ ಕಚೇರಿಯಲ್ಲಿ ನಾವಿಬ್ಬರೂ ಒಂದೇ ಮೇಜಿನ ಆಚೆ ಈಚೆ ಕೂತವರು. ನಮ್ಮ ಕೆಲಸ ಬಹಳ ಘನವಾದದ್ದೇನೂ ಅಲ್ಲ. ಖರೀದಿ ಪತ್ರ, ಬಾಡಿಗೆ ಕರಾರುಗಳ ನಕಲನ್ನು ನಾನು ಗಟ್ಟಿಯಾಗಿ ಓದಬೇಕು, ಅವರು ಮೂಲದ ಮೇಲೆ ಬೆರಳಿಟ್ಟು ತಾಳೆ ನೋಡಬೇಕು. ಇಡೀ ದಿನ ಯಾರದೋ ಮನೆಯ ಚೆಕ್ಕುಬಂದಿ ಓದಿದರೆ ಎಂಥವನಿಗೂ ತಲೆ ಕೆಡುತ್ತದೆ. ನನಗೆ ನಿದ್ದೆ ಬರುತ್ತಿತ್ತು. ಅವರಿಗೆ ಜ್ಞಾನದಾಹ ಬಂತು. ನಾನು ಧಾರವಾಡದಿಂದ ಬಂದ ಎಳೆಯ, ಅವರು ವಿಜಾಪುರ ಕಡೆಯ ಹಿರಿಯರು. ನನ್ನನ್ನು "ತಮ್ಮಾ" ಎಂದು ಕರೆಯುತ್ತಿದ್ದರು. ಹಾಗೆ ಕರೆದರೆಂದರೆ ಆ ಸಂಜೆ ನನ್ನ ಗತಿ ಮುಗಿಯಿತು ಎಂದೇ ಲೆಕ್ಕ.

ಏಕೆಂದರೆ ಆ ಕಾಲದಲ್ಲಿ ಫೋರ್ಟಿನಲ್ಲಿ ಸಂಜೆಯಾದರೆ ಸಾಕು, ಯಾವುದಾದರೊಂದು ಸಭಾಗೃಹದಲ್ಲಿ ಯಾರಾದರೊಬ್ಬ ಪಂಡಿತ ಭಾಷಣ ಮಾಡುತ್ತಲೇ ಇರುತ್ತಿದ್ದ. ಒಂದು ದಿನ ಉತ್ಖನನ, ಮರುದಿನ ಪಿತ್ತಕೋಶ, ಅದರ ಮರುದಿನ ಉಕ್ಕಿನ ಸೇತುವೆ, ಆಮೇಲೆ ಹಿಂದೂ ದತ್ತಕದ ಹೊಸ ತೀರ್ಪು. ಪ್ರವೇಶ ಉಚಿತ, ಕೊನೆಗೆ ಚಹಾ ಮತ್ತು ಬಿಸ್ಕತ್ತು. ನಮ್ಮವರು ಯಾವ ಶಾಸ್ತ್ರಕ್ಕೂ ಭೇದ ಮಾಡಿದವರಲ್ಲ. ಮೊದಲ ಸಾಲಿನ ಮಧ್ಯದ ಕುರ್ಚಿ ಅವರದು, ಪಕ್ಕದ್ದು ನನ್ನದು, ಅದರಾಚೆಯದು ಅವರ ಕೊಡೆಯದು. ಬೇಸಿಗೆಯಲ್ಲೂ ಆ ಕೊಡೆ ಬರುತ್ತಿತ್ತು. ಕೊನೆಗೆ ಪ್ರಶ್ನೆ ಕೇಳಬಹುದು ಎಂದೊಡನೆ ಎದ್ದು ನಿಂತು, ಎಲ್ಲ ಭಾಷಣಕಾರರಿಗೂ ಅದೇ ಒಂದು ಪ್ರಶ್ನೆ ಹಾಕುತ್ತಿದ್ದರು: ಇದರಿಂದ ಸಾಮಾನ್ಯ ಮನುಷ್ಯನಿಗೆ ಏನು ಉಪಯೋಗ? ಒಬ್ಬ ಖಗೋಳ ವಿಜ್ಞಾನಿ ಇದಕ್ಕೆ ಉತ್ತರ ಹೇಳಲು ಹೋಗಿ ಎಷ್ಟು ತಡವರಿಸಿದನೆಂದರೆ, ಕೊನೆಗೆ ಇವರೇ ಪಾಪವೆನಿಸಿ, ಇರಲಿ ಬಿಡಿ ಎಂದು ಸಮಾಧಾನ ಮಾಡಿ ಕೂತರು.

ಒಂದಕ್ಷರವನ್ನೂ ಅವರು ಬರೆದುಕೊಳ್ಳುತ್ತಿರಲಿಲ್ಲ. ಬರೆದುಕೊಂಡರೆ ಮೆದುಳು ಸೋಮಾರಿಯಾಗುತ್ತದೆ ಎಂದು ಇತ್ತೀಚಿನ ಸಂಶೋಧನೆ ಹೇಳಿದೆಯಂತೆ. ಹೀಗಾಗಿ ಸೋಮವಾರ ಕೇಳಿದ್ದು ಗುರುವಾರ ಕೇಳಿದ್ದರ ಜೊತೆ ತಲೆಯೊಳಗೇ ಬೆರೆತು ಬಿಸಿಬೇಳೆಭಾತ್ ಆಗುತ್ತಿತ್ತು. ಸಿಂಧೂ ಕಣಿವೆಯ ಜನರಿಗೆ ಅಪೆಂಡಿಕ್ಸ್ ಕತ್ತರಿಸುವ ಹಕ್ಕು ವಂಶಪಾರಂಪರ್ಯವಾಗಿತ್ತು ಎಂದು ಅವರು ಒಮ್ಮೆ ನಮ್ಮ ಆಫೀಸಿನ ದೊಡ್ಡ ಸಾಹೇಬರಿಗೇ ಹೇಳಿದ್ದರು. ಸಾಹೇಬರು ಗಂಭೀರವಾಗಿ ತಲೆದೂಗಿದರು. ಅಷ್ಟು ಖಚಿತವಾಗಿ ಹೇಳಿದರೆ ಯಾರಾದರೂ ನಂಬಲೇಬೇಕು.

ಅವರು ಈಗ ಸಂಶೋಧನೆ ಹೇಳಲಿದ್ದಾರೆಯೋ ಇಲ್ಲವೋ ಎಂಬುದು ಅವರ ತಲೆಯ ಕರಿಟೊಪ್ಪಿಗೆಯಿಂದ ಗೊತ್ತಾಗುತ್ತಿತ್ತು. ಟೊಪ್ಪಿಗೆ ಹುಬ್ಬಿನ ಮೇಲೆ ಇದ್ದರೆ ಅವರೂ ನಮ್ಮ ಹಾಗೆ ಒಬ್ಬ ಗುಮಾಸ್ತ. ಅದನ್ನು ಬೆರಳಿನಿಂದ ನೆತ್ತಿಗೆ ತಳ್ಳಿದರೋ, ಕತೆ ಮುಗಿಯಿತು. "ಇತ್ತೀಚಿನ ಸಂಶೋಧನಾ ಏನ್ ಹೇಳ್ತದ ಗೊತ್ತದ ಏನು?" ಎಂದು ಶುರು. ಯಾರಾದರೂ ಅನುಮಾನಿಸಿದರೆ "ಇದು ನನ್ನ ಮಾತಲ್ರೀ, ರಿಸರ್ಚಿನ ಮಾತು" ಎಂದು ಕೈ ತೊಳೆದುಕೊಂಡುಬಿಡುವರು. ಚರ್ಚ್‌ಗೇಟಿನಿಂದ ದಹಿಸರ್‌ವರೆಗಿನ ಲೋಕಲ್‌ನಲ್ಲಿ ಅವರ ಎದುರು ಕೂತವರು ಅಂಧೇರಿಯಲ್ಲೇ ಇಳಿದು ಮುಂದಿನ ಗಾಡಿಗೆ ಕಾಯುತ್ತಿದ್ದರು ಎಂದು ಕೇಳಿದ್ದೇನೆ.

ಲೋಕಲ್‌ನಲ್ಲಿ ಇಳಿದು ಹೋಗಬಹುದು. ಹೋಟೆಲಿನ ಯಜಮಾನ ಎಲ್ಲಿಗೆ ಇಳಿದು ಹೋಗಬೇಕು? ನಮ್ಮ ಆಫೀಸಿನ ಹಿಂದಿನ ಗಲ್ಲಿಯಲ್ಲಿ ಉಡುಪಿ ಕಡೆಯ ಭಟ್ಟರೊಬ್ಬರ ಹೋಟೆಲಿತ್ತು. ಪ್ರತಿದಿನ ಮಧ್ಯಾಹ್ನ ಒಂದು ಗಂಟೆಗೆ ನಮ್ಮ ಸಂಶೋಧಕರ ವಿದ್ಯಾಪೀಠ ಅಲ್ಲಿ ಗಲ್ಲಾದ ಪಕ್ಕದ ಮೇಜಿಗೆ ವರ್ಗವಾಗುತ್ತಿತ್ತು. ಭಟ್ಟರು ಜಗತ್ತಿನಲ್ಲಿ ಇಬ್ಬರನ್ನು ನಂಬಿದ್ದರು: ಒಬ್ಬ ಉಡುಪಿಯ ಕೃಷ್ಣ, ಇನ್ನೊಬ್ಬರು ಇವರು. ಕೃಷ್ಣನಾದರೂ ಹೇಳದೆ ಸುಮ್ಮನಿರುತ್ತಿದ್ದ.

ಆ ಹೋಟೆಲಿನ ಇಡ್ಲಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ನಾನು ಜೋಳದ ರೊಟ್ಟಿ ತಿಂದು ಬೆಳೆದವನು, ಇಡ್ಲಿಯೆಂದರೆ ಕಾಯಿಲೆಯವರ ಊಟ ಎಂದುಕೊಂಡಿದ್ದವನು. ಭಟ್ಟರ ಇಡ್ಲಿ ತಿಂದ ಮೇಲೆ ಕಾಯಿಲೆ ಬಿದ್ದರೂ ಅಡ್ಡಿಯಿಲ್ಲ ಎನ್ನಿಸಿತು. ಅದರ ಗುಟ್ಟು ಎಲ್ಲರಿಗೂ ಗೊತ್ತಿತ್ತು. ಸಂಜೆ ಹಿಟ್ಟು ರುಬ್ಬಿ ಆದ ಮೇಲೆ ಭಟ್ಟರು ಗಲ್ಲಾ ಬಿಟ್ಟು ಎದ್ದು, ಉಂಗುರ ತೆಗೆದು ದೇವರ ಪಟದ ಮುಂದಿಟ್ಟು, ಉಪ್ಪು ಹಾಕಿ ಮೊಣಕೈವರೆಗೂ ಕೈ ಇಳಿಸಿ ತಾವೇ ಕಲಸುತ್ತಿದ್ದರು. ಬೇರೆ ಯಾರೂ ಮುಟ್ಟುವಂತಿಲ್ಲ. ಮುಂಚೆ ಅವರ ತಂದೆ ಊರಿನ ದೇವಸ್ಥಾನದ ಅಡುಗೆಮನೆಯಲ್ಲಿ ಹೀಗೇ ಕಲಸುತ್ತಿದ್ದರಂತೆ. ಸಾಯುವ ಮುಂಚೆ ಮಗನ ಬಲಗೈ ಹಿಡಿದುಕೊಂಡು, ಆಸ್ತಿ ಅಂತ ಏನೂ ಇಲ್ಲ, ಕೈಗುಣ ಕೊಟ್ಟು ಹೋಗುತ್ತೇನೆ ಅಂದರಂತೆ. ಹಿಂದಿನ ದಿನದ ಹಿಟ್ಟು ಒಂದು ಸೌಟು ಪಾತ್ರೆಯ ತಳದಲ್ಲಿ ಯಾವಾಗಲೂ ಉಳಿದಿರುತ್ತಿತ್ತು. ಬೆಳಗಾಗುವಷ್ಟರಲ್ಲಿ ಹಿಟ್ಟು ಮುಚ್ಚಳ ಎತ್ತಿಕೊಂಡು ಮೇಲೆ ಬರುವುದು.

ಮೊದಲು ಕಾನೂನು ಈ ಹಿಟ್ಟಿಗೆ ಬಾಯಿ ಹಾಕಿತು. ಆಗ ಮುಂಬಯಿಯಲ್ಲಿ ದಾರೂಬಂದಿ ಜೋರಾಗಿತ್ತು. ಯಾರೋ ನ್ಯಾಯಶಾಸ್ತ್ರಜ್ಞರು ಪಾನನಿಷೇಧದ ಮೇಲೆ ಮಾತಾಡಿದ್ದನ್ನು ಕೇಳಿಕೊಂಡು ಬಂದು ಇವರು ಟೊಪ್ಪಿಗೆ ಹಿಂದೆ ತಳ್ಳಿದರು. ಹುಳಿ ಬರಿಸಿ ಉಕ್ಕಿಸಿದ ಪದಾರ್ಥವೆಲ್ಲ ಕಾಯಿದೆಯ ಕಣ್ಣಲ್ಲಿ ಸಂಶಯಾಸ್ಪದ ಎಂದರು. ಪಕ್ಕದ ಮೇಜಿನಲ್ಲಿ ಒಬ್ಬ ಹವಾಲ್ದಾರ ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸುತ್ತಿದ್ದ. ಭಟ್ಟರು ಅವನನ್ನು ನೋಡಿ ಬೆವರಿ, ಅವನು ಕೇಳದೆಯೇ ಇನ್ನೊಂದು ಪ್ಲೇಟು ಕಳಿಸಿದರು. ವಾರಪೂರ್ತಿ ಸಾಹೇಬರ ಕಾನೂನು ಪುಸ್ತಕ ತಿರುವಿಹಾಕಿ ನಮ್ಮವರು ತೀರ್ಪು ಕೊಟ್ಟರು: ಇಡ್ಲಿ ನಿರ್ದೋಷಿ, ಆದರೆ ಹಳೇ ದೋಸೆಹಿಟ್ಟಿನ ಬಗ್ಗೆ ಖಾತ್ರಿ ಹೇಳಲಾಗದು. ಹವಾಲ್ದಾರ ಮಾತ್ರ ಆ ಎರಡನೇ ಪ್ಲೇಟನ್ನು ರೂಢಿಯ ಹಕ್ಕು ಮಾಡಿಕೊಂಡುಬಿಟ್ಟ.

ಅದು ಬರೀ ತಮಾಷೆ. ನಿಜವಾದ ಅನಾಹುತ ಬಂದದ್ದು ವೈದ್ಯಶಾಸ್ತ್ರದಿಂದ.

ಆ ಸಂಜೆ ನಾನೂ ಇದ್ದೆ. ವೈದ್ಯರೊಬ್ಬರು ಪರದೆಯ ಮೇಲೆ ದೀಪದ ಯಂತ್ರದಿಂದ ಚಿತ್ರ ಬಿಡುತ್ತಿದ್ದರು. ಮನುಷ್ಯನ ಒಂದು ಉಗುರಿನ ಸಂದಿಯಲ್ಲಿರುವ, ಕಣ್ಣಿಗೆ ಕಾಣದ ಸೂಕ್ಷ್ಮ ಜಂತುಗಳು ಗೋಡೆಯಷ್ಟು ದೊಡ್ಡದಾಗಿ ಕುಣಿದವು. ನಮ್ಮವರು ತಮ್ಮ ಎರಡೂ ಕೈಗಳನ್ನು ಮೈಯಿಂದ ದೂರ ಚಾಚಿ ಹಿಡಿದುಕೊಂಡೇ ಹೊರಗೆ ಬಂದರು. ನಾನು ಕೊಡೆ ಹಿಡಿದುಕೊಂಡೆ. ಮರುದಿನ ಭಟ್ಟರ ಹೋಟೆಲಿಗೆ ಕಾರ್ಬೋಲಿಕ್ ಸಾಬೂನು ಬಂತು. ಭಟ್ಟರು ಕಲಸುವ ಮುಂಚೆ ಮೊಣಕೈವರೆಗೂ ಅದನ್ನು ಉಜ್ಜಿ, ಆಮೇಲೆ ಕೈಯನ್ನು ನೇರಳೆ ಬಣ್ಣದ ಔಷಧಿ ನೀರಿನಲ್ಲಿ ಅದ್ದಿ ಹಿಡಿಯಬೇಕು. ಪಾತ್ರೆಗೆ ಕುದಿಯುವ ನೀರು ಹುಯ್ಯಬೇಕು. ಉದ್ದು ನೆನೆಸುವುದೂ ಕುದಿಯುವ ನೀರಿನಲ್ಲೇ. ತಳದಲ್ಲಿ ಹಳೇ ಹಿಟ್ಟು ಉಳಿಸುವುದಂತೂ ಕೊಲೆಗೆ ಸಮ. ಅಡುಗೆಯವರು ಮುಖ ಮುಖ ನೋಡಿಕೊಂಡರು. ಭಟ್ಟರು ಮಾತ್ರ ಸಂಧ್ಯಾವಂದನೆಯಷ್ಟೇ ಶ್ರದ್ಧೆಯಿಂದ ಎಲ್ಲವನ್ನೂ ಮಾಡಿದರು.

ಮುಂದಿನ ಬೆಳಿಗ್ಗೆ ಮುಚ್ಚಳ ಇದ್ದಲ್ಲೇ ಇತ್ತು. ಹಿಟ್ಟೂ ಇದ್ದಲ್ಲೇ ಇತ್ತು. ಇಡ್ಲಿ ತಟ್ಟೆಯಿಂದ ಬಿದ್ದರೆ ಟಪ್ ಎಂದು ಶಬ್ದ ಬರುತ್ತಿತ್ತು. ಅಷ್ಟರಲ್ಲಿ ಡಿಸೆಂಬರ್ ಬಂದಿತ್ತು, ಮುಂಬಯಿಯವರು ಚಳಿ ಎಂದು ಕರೆಯುವ ಆ ಅರೆಬರೆ ಗಾಳಿ ಬೀಸುತ್ತಿತ್ತು. ಹಾಗಾಗಿ ಮೊದಲು ಎಲ್ಲರೂ ಚಳಿಯನ್ನೇ ಬೈದರು. ಅಡುಗೆಯವರು ಅದನ್ನೇ ಅಂದರು, ಸಾಬೂನಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಸ್ವಚ್ಛತೆಯಿಂದ ಕೆಡುಕಾಗುತ್ತದೆ ಎಂದು ಯಾರು ತಾನೇ ಎಣಿಸುತ್ತಾರೆ? ಭಟ್ಟರಿಗೆ ಮಾತ್ರ ಬೇರೆಯೇ ಭಯ ಹತ್ತಿಕೊಂಡಿತು. ತಾವು ಏನೋ ಪಾಪ ಮಾಡಿದ್ದೇವೆ, ಅಪ್ಪ ಕೊಟ್ಟ ಕೈಗುಣ ಹೊರಟುಹೋಗಿದೆ ಎಂದು. ಬಲಗೈಯನ್ನು ಹೆಗಲ ವಸ್ತ್ರದೊಳಗೆ ಮುಚ್ಚಿಟ್ಟುಕೊಂಡು ಎಡಗೈಯಲ್ಲಿ ಚಿಲ್ಲರೆ ಕೊಡತೊಡಗಿದರು.

ಆ ಅಳುಮೋರೆ ನೋಡಿ ನಮ್ಮ ಸಂಶೋಧಕರು ಪಣ ತೊಟ್ಟರು. ಕಾರಣ ಕಂಡುಹಿಡಿದೇ ಸಿದ್ಧ! ಮೊದಲು ತಂತ್ರಜ್ಞಾನ. ಶೈತ್ಯಾಗಾರಗಳ ಮೇಲಿನ ಒಂದು ಭಾಷಣ ಕೇಳಿ ಬಂದು, ಉಷ್ಣತೆ ಅಳೆಯುವ ಕೊಳವೆಯನ್ನು ಹಿಟ್ಟಿನಲ್ಲಿ ನಿಲ್ಲಿಸಿದರು. ಪಾತ್ರೆಗೆ ತಮ್ಮ ಉಣ್ಣೆಯ ಕೋಟು ತೊಡಿಸಿ ಗುಂಡಿ ಹಾಕಿದರು. ಪಾತ್ರೆ ಕೋಟು ಹಾಕಿಕೊಂಡು ಮೂಲೆಯಲ್ಲಿ ಕೂತದ್ದು ನಮ್ಮ ಸಾಹೇಬರ ಹಾಗೇ ಕಾಣುತ್ತಿತ್ತು, ಅದೂ ಸಾಹೇಬರಂತೆಯೇ ಏನೂ ಮಾಡಲಿಲ್ಲ.

ಆಮೇಲೆ ಪುರಾತತ್ವ. ಈಗಿನ ತೊಂದರೆಯ ಬೇರು ಕೆಳಗಿನ ಪದರದಲ್ಲಿರುತ್ತದೆ ಎಂದು ಯಾರೋ ಪ್ರೊಫೆಸರು ಹೇಳಿದರಂತೆ. ಹೋಟೆಲಿರುವ ಜಾಗ ಹಿಂದೆ ಕೋಟೆಯ ಕಂದಕವಾಗಿದ್ದಿರಬೇಕು, ಅಲ್ಲಿಂದ ಥಂಡಿ ಏರುತ್ತಿದೆ ಎಂಬುದು ಇವರ ಸಿದ್ಧಾಂತ. ಒಂದು ಭಾನುವಾರ ಪಾತ್ರೆ ಇಡುವ ಮೂಲೆಯ ಕಲ್ಲುಚಪ್ಪಡಿ ಎಬ್ಬಿಸಿ ಅಗೆದೇ ಬಿಟ್ಟರು. ಒಡೆದ ಗೋಲಿಸೋಡಾ ಬಾಟಲಿ ಸಿಕ್ಕಿತು, ಕುದುರೆಯ ಲಾಳ ಸಿಕ್ಕಿತು, ಕೊನೆಗೆ ಒಂದು ಎಲುಬು ಸಿಕ್ಕಿತು. ಇವರು ಅದನ್ನು ಎತ್ತಿ ಹಿಡಿದು, ಕೋಟೆ ಕಾದು ಮಡಿದ ವೀರಯೋಧನ ತೊಡೆ ಎಂದು ಭಕ್ತಿಯಿಂದ ಘೋಷಿಸಿದರು. ಪಕ್ಕದ ಔಷಧಿ ಅಂಗಡಿಯ ಪಾರಸಿ ಮುದುಕ ಬಗ್ಗಿ ನೋಡಿ, ಈ ಯೋಧನಿಗೆ ಕೊಂಬು ಇದ್ದಿರಬೇಕು, ಇದು ಆಡಿನ ಕಾಲು ಎಂದ. ಶುದ್ಧ ಶಾಕಾಹಾರಿ ಹೋಟೆಲಿನ ಅಡುಗೆಮನೆಯಲ್ಲಿ ಆಡಿನ ಎಲುಬು! ಭಟ್ಟರು ಅಂಗಡಿ ಮುಚ್ಚಿ ಪುಣ್ಯಾಹ ಮಾಡಿಸಿದರು. ಅದರಿಂದ ದೋಷ ಹೋಯಿತು, ಸುದ್ದಿ ಹೋಗಲಿಲ್ಲ. ಅರ್ಧಕ್ಕರ್ಧ ಗಿರಾಕಿಗಳು ಎದುರಿನ ಹೋಟೆಲಿಗೆ ದಾಟಿದರು.

ಇದೇ ಹೊತ್ತಿಗೆ ಭಟ್ಟರ ಭಾವ ವಿಕ್ರೋಳಿಯಿಂದ ಬಂದು ಕೂತ. ಅಲ್ಲಿ ಹೊಸ ಕಾರ್ಖಾನೆಯ ಹತ್ತಿರ ಅವನದೊಂದು ಕ್ಯಾಂಟೀನು ಇತ್ತು, ಪಾವು ಮತ್ತು ಬಟಾಟೆಯ ಪಲ್ಯದ ವ್ಯಾಪಾರ. ಫೋರ್ಟಿನ ಜಾಗ ಬಿಟ್ಟುಕೊಟ್ಟು ತನ್ನ ಜೊತೆ ಬಾ ಎಂದು ಒತ್ತಾಯ. ಸಂಕ್ರಾಂತಿಯೊಳಗೆ ಹೇಳಬೇಕಂತೆ. ಭಟ್ಟರು ಒಪ್ಪುವ ಹಾಗೇ ಇದ್ದರು. ನನ್ನ ಹತ್ತಿರ ಒಂದು ದಿನ, "ಪಾವಿಗೆ ಕೈಗುಣ ಬೇಡ ಮಾರಾಯ್ರೆ. ಬೇಕರಿಯವ ಕೊಡ್ತಾನೆ, ನಾವು ಕೊಯ್ದು ಕೊಡುದು. ನನ್ನಂಥವನಿಗೆ ಅದೇ ಸಮ" ಎಂದರು. ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಇಡ್ಲಿ ಗಟ್ಟಿಯಾಗಿತ್ತು ಎನ್ನುವುದೂ ಒಂದು ಕಾರಣ.

ಆ ವಾರವೇ ಇನ್ನೊಂದು ವೈದ್ಯಕೀಯ ಭಾಷಣ ಬಂತು. ಬೂಷ್ಟಿನಿಂದ ತೆಗೆದ ಹೊಸ ಔಷಧಿಯ ಬಗ್ಗೆ. ನಾವು ಎಂದಿನಂತೆ ಮೊದಲ ಸಾಲಿನಲ್ಲಿ ಕೂತೆವು. ಭಾಷಣಕಾರರು ನಡುವೆ ನಗುತ್ತ ಒಂದು ಮಾತು ಹೇಳಿದರು: ಜಂತುಗಳೆಲ್ಲ ಶತ್ರುಗಳೆಂದು ತಿಳಿಯಬೇಡಿ, ನಿಮ್ಮ ಮನೆಯ ಮೊಸರು ಅವುಗಳಿಂದಲೇ, ಬೆಳಗಿನ ಇಡ್ಲಿ ಉಬ್ಬುವುದೂ ಅವುಗಳ ದಯೆಯಿಂದಲೇ. ಸಭೆ ನಕ್ಕಿತು. ನನ್ನ ಪಕ್ಕದಲ್ಲಿ ಟೊಪ್ಪಿಗೆ ನಿಧಾನವಾಗಿ ಹಣೆಗೆ ಇಳಿಯಿತು. ಇವರು ಎದ್ದು ನಿಂತು, ಪ್ರಶ್ನೆಯ ಸಮಯ ಬರುವ ಮುಂಚೆಯೇ, ಆ ಜಂತುಗಳಿಗೆ ಕಾರ್ಬೋಲಿಕ್ ಸಾಬೂನು ಹಾಕಿ ಕುದಿಯುವ ನೀರು ಹುಯ್ದರೆ ಏನಾಗುತ್ತದೆ ಎಂದು ಕೇಳಿದರು. ಸತ್ತುಹೋಗುತ್ತವೆ, ಇನ್ನೇನು, ಎಂದರು ವೈದ್ಯರು. ನಮ್ಮವರು ವಂದನಾರ್ಪಣೆಗೂ ನಿಲ್ಲದೆ, ಬಿಸ್ಕತ್ತನ್ನೂ ಮುಟ್ಟದೆ, ಕೊಡೆಯನ್ನೂ ಮರೆತು ಹೊರಗೆ ನಡೆದರು. ಅವರ ಜೀವಮಾನದಲ್ಲಿ ಹಾಗೆ ಆದದ್ದು ಅದೊಂದೇ ಸಲ.

ಬೇರೆ ಯಾರಾದರೂ ಆಗಿದ್ದರೆ ಸಾಬೂನನ್ನು ಮೆಲ್ಲಗೆ ಕದ್ದು ಬಿಸಾಕಿ ಸುಮ್ಮನಾಗುತ್ತಿದ್ದರು. ನಾನಂತೂ ಹಾಗೇ ಮಾಡಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಕೇಳಲಿಲ್ಲ. ಸಂಶೋಧನೆಯ ಫಲ ಮುಚ್ಚಿಡಬಾರದು ಎಂದು ಹೋಟೆಲಿಗೆ ನುಗ್ಗಿ, ಇದ್ದಬದ್ದ ಗಿರಾಕಿಗಳ ನಡುವೆ ನಿಂತು ಟೊಪ್ಪಿಗೆಯನ್ನೇ ಕೈಗೆ ತೆಗೆದುಕೊಂಡರು.

"ಭಟ್ರ, ನಿಮ್ಮ ಕೈಯಾಗ ಏನೂ ತಪ್ಪಿಲ್ಲ. ಹಿಟ್ಟು ಉಬ್ಬಸೋ ಜಂತು ನಿಮ್ಮ ಕೈಯಾಗ ಇದ್ದುವು, ಪಾತ್ರಿ ತಳದಾಗ ಇದ್ದುವು. ಅವನ್ನ ಕೊಂದಾಂವ ನಾನು."

ಭಟ್ಟರು ಕುಣಿದಾಡುತ್ತಾರೆಂದು ನಾನು ಎಣಿಸಿದ್ದೆ. ಅವರು ವಸ್ತ್ರದೊಳಗಿನಿಂದ ಬಲಗೈ ಹೊರಗೆ ತೆಗೆದು, ತಿರುಗಿಸಿ ತಿರುಗಿಸಿ ನೋಡಿಕೊಂಡರು. ಮುಖ ಸಣ್ಣದಾಯಿತು.

"ಹಾಗಾದ್ರೆ ನನ್ನ ಅಪ್ಪ ಕೊಟ್ಟದ್ದು ಕೊಳೆಯಾ ರಾಯರೆ?"

ನಮ್ಮವರು ಕೈಯಲ್ಲಿದ್ದ ಟೊಪ್ಪಿಗೆಯೊಳಗೆ ಇಣುಕಿ ನೋಡಿದರು. ನಾಲ್ಕು ಶಾಸ್ತ್ರಗಳಲ್ಲಿ ಒಂದೂ ಅಲ್ಲಿರಲಿಲ್ಲ. ಭಟ್ಟರು ಸಿಟ್ಟಾಗಲೂ ಇಲ್ಲ, ಅದೇ ಕಷ್ಟ. ಜಂತುವಿನಿಂದಲೇ ಆಗುವುದಾದರೆ ಯಾರ ಕೈಯಾದರೂ ಆದೀತು, ತಾನು ಯಾಕೆ ಇಲ್ಲಿ ಕೂತಿರಬೇಕು ಎಂದು ಮೆತ್ತಗೆ ಕೇಳಿದರು. ಮಾತಿನ ಭರದಲ್ಲಿ ನಮ್ಮವರು, ಇದನ್ನು ಪ್ರಯೋಗ ಮಾಡಿಯೇ ತೀರ್ಮಾನಿಸಬೇಕು ಎಂದುಬಿಟ್ಟರು. ಒಂದೇ ಹಿಟ್ಟು, ಎರಡು ಪಾತ್ರೆ. ಒಂದರಲ್ಲಿ ಭಟ್ಟರ ಕೈ, ಇನ್ನೊಂದರಲ್ಲಿ ತಮ್ಮ ಕೈ. ಭಟ್ಟರು ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ: ರಾಯರ ಪಾತ್ರೆಯೂ ಉಬ್ಬಿದರೆ ಕೈಗುಣ ಎಂಬುದೆಲ್ಲ ಸುಳ್ಳು, ಅವತ್ತೇ ಬೀಗದ ಕೈ ಭಾವನಿಗೆ. ತನ್ನ ಪಾತ್ರೆ ಮಾತ್ರ ಉಬ್ಬಿದರೆ ಸಾಯುವವರೆಗೂ ಈ ಗಲ್ಲಿ ಬಿಡುವುದಿಲ್ಲ.

ಮರುದಿನ ಸಂಜೆ ಸಾಬೂನು ಇಲ್ಲ, ನೇರಳೆ ನೀರು ಇಲ್ಲ. ಉದ್ದು ತಣ್ಣೀರಿನಲ್ಲಿ ನೆನೆದಿತ್ತು. ಭಟ್ಟರು ಉಂಗುರ ತೆಗೆದಿಟ್ಟು ಕಣ್ಣು ಮುಚ್ಚಿ ಕಲಸಿದರು. ನಮ್ಮವರು ಅಂಗಿಯ ತೋಳು ಮಡಿಚಿ ಕಣ್ಣು ಬಿಟ್ಟುಕೊಂಡು ಕಲಸಿದರು, ಧೋತರದ ಮೇಲೆಲ್ಲ ಹಿಟ್ಟು. ಎರಡೂ ಪಾತ್ರೆಗಳನ್ನು ಪಕ್ಕಪಕ್ಕದಲ್ಲಿ ಮುಚ್ಚಿಟ್ಟರು.

ನನ್ನ ಖೋಲಿ ಅಲ್ಲೇ ಸಮೀಪದ ಧೋಬಿತಲಾವಿನಲ್ಲಿತ್ತು. ಬೆಳಗಾಗುತ್ತಲೇ ತಡೆಯಲಾರದೆ ಎದ್ದು ಹೋಟೆಲಿನ ಹಿಂಬಾಗಿಲಿಗೆ ಹೋದೆ. ಒಲೆ ಹೊತ್ತಿಸುವವನು ಬಾಗಿಲು ತೆಗೆದು ನಳದ ಕಡೆ ಹೋಗಿದ್ದ. ಭಟ್ಟರು ಮೇಲಿನ ಅಟ್ಟದಲ್ಲಿ ಸ್ನಾನ ಮುಗಿಸಿ ಪೂಜೆ ಮಾಡುತ್ತಿದ್ದರು, ಗಂಟೆಯ ಶಬ್ದ ಕೇಳುತ್ತಿತ್ತು. ನಮ್ಮ ಸಂಶೋಧಕರು ಆಗಲೇ ದಹಿಸರ್‌ನಿಂದ ಮೊದಲ ಲೋಕಲ್ ಹಿಡಿದು ಬಂದು ಪಾತ್ರೆಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ನನ್ನನ್ನು ಅವರು ನೋಡಲಿಲ್ಲ.

ಎರಡೂ ಉಬ್ಬಿದ್ದವು. ಎರಡೂ ಮುಚ್ಚಳ ಎತ್ತಿಕೊಂಡು ನಿಂತಿದ್ದವು; ಇವರದ್ದು ಒಂದು ಬೆರಳು ಹೆಚ್ಚೇ ಅನ್ನಿ, ಅಂಚು ದಾಟಿ ಕೆಳಗೆ ಇಳಿಯುತ್ತಿತ್ತು. ಅವರ ಮುಖ ನೋಡಬೇಕಿತ್ತು! ಮೊದಲ ಸಾಲಿನಲ್ಲಿ ಕೂತು ಊರವರ ಸಂಶೋಧನೆಗೆಲ್ಲ ಚಪ್ಪಾಳೆ ತಟ್ಟಿದ ಮನುಷ್ಯ, ಕಡೆಗೂ ತನ್ನದೇ ಒಂದು ಪ್ರಯೋಗ ಮಾಡಿದ್ದ, ಅದು ಗೆದ್ದಿತ್ತು. ಆ ಹಿಟ್ಟಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. ಕಣ್ಣಲ್ಲಿ ನೀರಿತ್ತು.

ಅಟ್ಟದ ಮೇಲೆ ಗಂಟೆ ನಿಂತಿತು. ಮರದ ಏಣಿಯ ಮೊದಲ ಮೆಟ್ಟಿಲು ಕಿರ್ ಎಂದಿತು.

ಅವರು ತಲೆ ಎತ್ತಿ ಏಣಿಯ ಕಡೆ ನೋಡಿದರು, ಭಟ್ಟರ ಪಾತ್ರೆಯ ಕಡೆ ನೋಡಿದರು. ಮತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ. ಸೌಟು ತೆಗೆದುಕೊಂಡು ತಮ್ಮ ಪಾತ್ರೆಗೆ ಹಾಕಿ ಗರಗರನೆ ತಿರುವಿದರು. ಉಬ್ಬಿದ್ದೆಲ್ಲ ಉಸ್ ಎಂದು ಕೂತಿತು. ಆದರೂ ಇನ್ನೂ ಮೇಲೆಯೇ ಇತ್ತು. ಸುತ್ತ ನೋಡಿ, ತಮ್ಮ ಊಟದ ಡಬ್ಬಿಯ ಮುಚ್ಚಳ ತೆಗೆದು, ಅದರಲ್ಲಿದ್ದ ಚಪಾತಿಯ ಮೇಲೆಯೇ ಹಿಟ್ಟು ಬಗ್ಗಿಸಿ ತುಂಬಿ ಒತ್ತಿ ಮುಚ್ಚಿದರು. ಪಾತ್ರೆಯ ಅಂಚನ್ನು ಧೋತರದ ಚುಂಗಿನಿಂದ ಒರೆಸಿದರು. ಎದ್ದು ತಿರುಗಿದಾಗ ಬಾಗಿಲಲ್ಲಿ ನಾನು.

ಭಟ್ಟರು ಇಳಿದು ಬಂದರು. ತಮ್ಮ ಪಾತ್ರೆ ನೋಡಿದರು, ಇವರದು ನೋಡಿದರು. ಬಲಗೈಯನ್ನು ಎದೆಗೆ ಒತ್ತಿಕೊಂಡು, "ಅಪ್ಪಾ" ಎಂದು ಒಂದೇ ಮಾತು ಅಂದು ಅಲ್ಲೇ ಅಕ್ಕಿಮೂಟೆಯ ಮೇಲೆ ಕೂತು ಅತ್ತರು. ನಮ್ಮ ಸಂಶೋಧಕರು ಟೊಪ್ಪಿಗೆ ಹಿಂದೆ ತಳ್ಳಿ, ಕೈಗುಣವೆಂಬುದು ಈಗ ಪ್ರಯೋಗದಿಂದ ಸಿದ್ಧವಾಯಿತು, ಜಂತುಗಳಿಗೂ ಮನೆತನ ಗೊತ್ತಾಗುತ್ತದೆ ಎಂದು ಗಂಭೀರವಾಗಿ ಸಾರಿದರು. ವಿಕ್ರೋಳಿಯ ಭಾವ ತಿಂಡಿ ತಿಂದು ಬರಿಗೈಯಲ್ಲಿ ಹೋದ. ಆ ದಿನದ ಇಡ್ಲಿಯನ್ನು ನಾನು ಎಷ್ಟು ತಿಂದೆ ಎಂದು ಹೇಳಲಾರೆ, ನನ್ನ ಹೆಂಡತಿಯೂ ಇದನ್ನು ಓದುತ್ತಾಳೆ.

ಅವತ್ತು ಆಫೀಸಿನಲ್ಲಿ ನಾವು ಒಂದು ಕರಾರು ಪತ್ರ ತಾಳೆ ನೋಡುತ್ತಿದ್ದೆವು. ಸಾಹೇಬರು ಬಂದು ಮೇಜಿನ ಪಕ್ಕ ನಿಂತರು. ಅದೇ ಹೊತ್ತಿಗೆ ಊಟದ ಡಬ್ಬಿಯ ಮುಚ್ಚಳ ಠಣ್ ಎಂದು ಹಾರಿ ಸಾಹೇಬರ ಬೂಟಿನ ಮೇಲೆ ಬಿತ್ತು. ಬಿಳೀ ಹಿಟ್ಟು ನಿಧಾನವಾಗಿ ಮೇಲೆ ಬಂದು, ಒಂದು ಚಪಾತಿಯನ್ನು ತಲೆಯ ಮೇಲೆ ಹೊತ್ತುಕೊಂಡು, ಬಾಡಿಗೆ ಕರಾರಿನ ಕಡೆಗೆ ಹೊರಟಿತು. ಇದೇನು ಎಂದು ಸಾಹೇಬರು ಕೇಳಿದರು. ಇವರು ಎದ್ದು ನಿಂತು, "ರಿಸರ್ಚ್, ಸರ್" ಎಂದರು. ಸಾಹೇಬರು ಎಂದಿನಂತೆ ತಲೆದೂಗಿ ಹೋದರು.

ಒರೆಸುತ್ತ ಒರೆಸುತ್ತ ನಾನು ಮೆಲ್ಲಗೆ, ಸತ್ಯವನ್ನು ಮುಚ್ಚಿಡಬಾರದು ಎಂದವರು ನೀವೇ ಅಲ್ಲವೇ ಎಂದು ಕೆಣಕಿದೆ. ಅವರು ಟೊಪ್ಪಿಗೆಯನ್ನು ಹುಬ್ಬಿನವರೆಗೆ ಎಳೆದುಕೊಂಡರು.

"ತಮ್ಮಾ, ಕೆಲವು ಸಂಶೋಧನಾ ಪ್ರಕಟ ಮಾಡೂವು ಇರೂದಿಲ್ಲ."

ಅದಾದ ಮೇಲೂ ಅವರು ಏನೂ ಬದಲಾಗಲಿಲ್ಲ, ಬದಲಾದರೆಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಮರುವಾರವೇ ಸಭಾಗೃಹದಲ್ಲಿ ಮರೆತ ಕೊಡೆ ತರಲು ಹೋದವರು ಭೂಕಂಪದ ಭಾಷಣ ಕೇಳಿ ಬಂದು, ಹೋಟೆಲಿನ ಮೇಜುಗಳನ್ನೆಲ್ಲ ಗೋಡೆಯಿಂದ ಒಂದು ಮೊಳ ದೂರ ಸರಿಸಿದರು. ಆದರೆ ಹಿಟ್ಟಿನ ಪಾತ್ರೆಯ ಹತ್ತಿರ ಮಾತ್ರ ಆಮೇಲೆ ಯಾವ ಶಾಸ್ತ್ರವನ್ನೂ ಬಿಟ್ಟುಕೊಂಡವರಲ್ಲ.

ಅವರ ವೈಕುಂಠ ಸಮಾರಾಧನೆಗೆ ನಾನು ದಹಿಸರ್‌ಗೆ ಹೋಗಿದ್ದೆ. ಸ್ಟೇಷನ್ನಿನಲ್ಲಿ ಇಳಿದಾಗ ಗಾಡಿಯ ಮುಂದಿನ ಬೋಗಿಯಿಂದ ಭಟ್ಟರೂ ಇಳಿದರು, ಒದ್ದೆ ಬಟ್ಟೆ ಸುತ್ತಿದ ಪಾತ್ರೆಯನ್ನು ಮಗುವಿನ ಹಾಗೆ ಅವುಚಿಕೊಂಡು. ಹಿಂದಿನ ಸಂಜೆ ತಾವೇ ಕಲಸಿದ ಹಿಟ್ಟು. ಮನೆಯಲ್ಲಿ ಪುರೋಹಿತರು, ಈ ಊಟಕ್ಕೆ ಇಡ್ಲಿ ಬಡಿಸುವುದು ಶಾಸ್ತ್ರದಲ್ಲಿಲ್ಲ ಎಂದು ಗೊಣಗಿದರು. ಭಟ್ಟರು ಒಂದಿಷ್ಟೂ ಅಳುಕದೆ, ಇತ್ತೀಚಿನ ಸಂಶೋಧನೆ ಪ್ರಕಾರ ಉಂಟು ಎಂದರು. ನಮ್ಮ ಸಂಶೋಧಕರ ಹೆಂಡತಿ ಸೆರಗು ಬಾಯಿಗೆ ಹಿಡಿದು ಅತ್ತರೋ ನಕ್ಕರೋ ನನಗೆ ತಿಳಿಯಲಿಲ್ಲ.

ಎಲೆಗೆ ಇಡ್ಲಿ ಬಂತು. ಹತ್ತಿಯ ಹಾಗೆ ಇತ್ತು. ಭಟ್ಟರು ಬಡಿಸುತ್ತ ಬಂದವರು ನನ್ನ ಮುಂದೆ ನಿಂತು, ಗೋಡೆಯ ಮೇಲಿನ ಫೋಟೋ ಕಡೆ ನೋಡಿದರು. ಫೋಟೋದಲ್ಲೂ ಟೊಪ್ಪಿಗೆ ಹಿಂದಕ್ಕೇ ಇತ್ತು.

"ಎಷ್ಟೆಲ್ಲ ಗೊತ್ತಿತ್ತು ಮಾರಾಯ್ರೆ ಇವರಿಗೆ. ಇವರಷ್ಟು ತಿಳಿದವರು ಈ ಮುಂಬಯಿಯಲ್ಲಿ ಇನ್ನೊಬ್ರಿಲ್ಲ. ಪಾಪ, ಕೈಗುಣ ಒಂದು ಇರ್ಲಿಲ್ಲ."

ನಾನು ಬಾಯಿ ತೆರೆದೆ. ಫೋಟೋದಿಂದ ಅವರು ನನ್ನನ್ನೇ ನೋಡುತ್ತಿದ್ದರು.

"ಹೌದು ಭಟ್ರೇ" ಎಂದೆ. "ಇನ್ನೆರಡು ಹಾಕಿ."